ಮಧ್ಯಾಹ್ನ ಹನ್ನೆರಡರೊಳಗೆ

ಲಿಯೋನ್ಸಿಯೊ ಕಿಸ್ಬೆರ್ತ್ ಎರಡು ವಿಷಯಗಳಲ್ಲಿ ಎತ್ತಿದ ಕೈ. ಒಂದು ತಗಡಿನ ಕೆಲಸ, ಇನ್ನೊಂದು ತಡ ಮಾಡುವುದು. ಲಾ ಪಾಸ್ ಊರಿನ ನೆತ್ತಿಯ ಮೇಲಿರುವ ಎಲ್ ಆಲ್ತೊದ ಅವನ ಬೀದಿಯಲ್ಲಿ ಯಾರನ್ನು ಕೇಳಿದರೂ ಮೊದಲನೆಯದನ್ನು ಹೊಗಳಿ ಎರಡನೆಯದಕ್ಕೆ ನಗುತ್ತಾರೆ. ನಗದವಳು ಒಬ್ಬಳೇ, ಅವನ ಹೆಂಡತಿ ಕಾಸಿಮಿರಾ. ಮೂವತ್ತನಾಲ್ಕು ವರ್ಷ ಕಾದವಳಿಗೆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ.

ಅವನು ಮಾಡುವುದು ಅಲಸೀತಾ ಸಂತೆಯ ಪುಟಾಣಿ ಸಾಮಾನು. ಬೆರಳುದ್ದದ ಮನೆ, ಬೆಂಕಿಪೊಟ್ಟಣದಷ್ಟು ಲಾರಿ, ಉಗುರಿನಷ್ಟು ಹೊಲಿಗೆ ಯಂತ್ರ. ಜನವರಿ ಇಪ್ಪತ್ತನಾಲ್ಕು ಬಂತೆಂದರೆ ಲಾ ಪಾಸ್ ಊರಿಗೆ ಊರೇ ಇವನ್ನು ಕೊಳ್ಳಲು ಮುಗಿಬೀಳುತ್ತದೆ. ಈ ವರ್ಷ ಏನು ಬೇಕೋ ಅದರ ಪುಟ್ಟ ರೂಪವನ್ನು ಕೈಯಲ್ಲಿ ಹಿಡಿದು, ಮಧ್ಯಾಹ್ನ ಹನ್ನೆರಡರ ಗಂಟೆ ಬಾರಿಸುವಾಗ ಯತೀರಿ ಎಂಬ ಪೂಜಾರಿಯ ಹತ್ತಿರ ಹೊಗೆ ಹಾಕಿಸಿ, ಮೇಲೆ ಹೂವಿನ ಎಸಳು ಉದುರಿಸಿಕೊಂಡರೆ ವರ್ಷದೊಳಗೆ ನಿಜವಾದದ್ದು ಮನೆಗೆ ಬರುತ್ತದೆ. ತನಗೆ ತಾನೇ ಕೊಂಡುಕೊಂಡದ್ದಕ್ಕೆ ಬಲ ಕಡಿಮೆ, ಇನ್ನೊಬ್ಬರು ಪ್ರೀತಿಯಿಂದ ಕೊಡಬೇಕು. ಇದು ಎಲ್ಲರಿಗೂ ಗೊತ್ತಿರುವ ಕಟ್ಟಳೆ. ಹನ್ನೆರಡು ದಾಟಿದ ಮೇಲೆ ಕೊಟ್ಟದ್ದು ಅರ್ಧ ಮಾತ್ರ ಫಲಿಸುತ್ತದೆ ಎಂಬುದು ಕಾಸಿಮಿರಾ ಸ್ವಂತ ಅನುಭವದಿಂದ ಕಂಡುಕೊಂಡದ್ದು.

ಹನ್ನೆರಡರ ಹೊತ್ತಿಗೆ ಲಿಯೋನ್ಸಿಯೊನ ಅಂಗಡಿ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಕಂಡವರಿಗೆಲ್ಲ ಮನೆ ಲಾರಿ ಮಾರಿ, ಸಂಜೆ ಚೀಲ ಮಡಚುವಾಗ ಉಳಿದದ್ದರಲ್ಲಿ ಒಂದನ್ನು ಒರೆಸಿ ಹೆಂಡತಿಯ ಕೈಗಿಡುವುದು ಅವನ ಪದ್ಧತಿ. ಮೂರಂತಸ್ತಿನ ಮನೆ ಕೊಟ್ಟ ವರ್ಷ ಅವರ ಮನೆಯ ಎರಡನೇ ಮಹಡಿ ಎದ್ದಿತು. ಮೂರನೆಯದು ಇಂದಿಗೂ ಆಕಾಶಕ್ಕೆ ಚಾಚಿದ ಕಬ್ಬಿಣದ ಸಲಾಕೆಗಳಾಗಿಯೇ ನಿಂತಿದೆ. ಲಾರಿ ಕೊಟ್ಟ ವರ್ಷ ಲಾರಿ ಬಂದದ್ದು ಅವನ ತಮ್ಮನ ಮನೆಗೆ, ಇವರ ಅಂಗಳಕ್ಕೆ ಬಂದದ್ದು ಅದರ ಎರಡು ಸವೆದ ಟೈರು. ಮಗಳು ಎದೆಲ್ಮಿರಾ ನರ್ಸ್ ಆಗಲಿ ಎಂದು ಪುಟ್ಟ ಪದವಿ ಪತ್ರ ತಂದುಕೊಟ್ಟ. ಮಗಳು ನರ್ಸ್ ಆದಳು ನಿಜ, ಆದರೆ ಒಂಬತ್ತು ವರ್ಷ ತೆಗೆದುಕೊಂಡಳು.

"ನಿನ್ನ ಕೈಗುಣ ಅಲ್ಲ ಮುದುಕಾ, ನಿನ್ನ ಗಡಿಯಾರದ ಗುಣ," ಎನ್ನುತ್ತಾಳೆ ಕಾಸಿಮಿರಾ.

ಹನ್ನೆರಡರೊಳಗೆ ಅವನು ಕೊಟ್ಟದ್ದು ಬದುಕಿನಲ್ಲಿ ಒಂದೇ ಒಂದು ಸಲ, ಅದೂ ಮದುವೆಗೆ ಮುಂಚೆ. ಇಪ್ಪತ್ತರ ಕಾಸಿಮಿರಾ ತಗಡಿನ ಹುಂಜಕ್ಕಾಗಿ ಅವನ ಅಪ್ಪನ ಅಂಗಡಿಯ ಮುಂದೆ ನಿಂತಿದ್ದಳು. ಮದುವೆಯಾಗದ ಹುಡುಗಿಗೆ ಯಾರಾದರೂ ಹುಂಜ ಕೊಟ್ಟರೆ ಗಂಡ ಸಿಗುತ್ತಾನೆ. ಕೊಡುತ್ತೇನೆಂದ ಗೆಳತಿ ಪತ್ತೆಯಿಲ್ಲ, ಹನ್ನೆರಡಾಗಲು ಎರಡೇ ನಿಮಿಷ. ಅಂಗಡಿಯ ಹಿಂದೆ ಬೆಸುಗೆ ಹಾಕುತ್ತಿದ್ದ ಲಿಯೋನ್ಸಿಯೊ ಎದ್ದು ಬಂದು, ಒಂದು ಹುಂಜ ಎತ್ತಿ ಅವಳ ಕೈಗಿಟ್ಟು, "ತಗೊಳ್ಳಿ, ನಾನೇ ಕೊಟ್ಟೆ. ಓಡಿ!" ಎಂದ. ಅವಳು ನೆರಿಗೆ ಲಂಗ ಎತ್ತಿ ಹಿಡಿದು ಓಡಿದಳು. ಆ ವರ್ಷವೇ ಮದುವೆಯಾಯಿತು, ಅವನ ಜೊತೆಗೇ.

"ಗಂಡ ಸಿಗ್ಲಿ ಅಂತ ಹುಂಜ ಕೊಟ್ಟು ನೀನೇ ಬಂದು ನಿಂತ್ಕೊಂಡ್ಯಲ್ಲ, ಇದು ಯಾವ ಸೀಮೆ ವ್ಯಾಪಾರ?" ಎಂದು ಅವಳು ಇಂದಿಗೂ ಕೆಣಕುತ್ತಾಳೆ. ಕೆಣಕಿದರೂ ಆ ಹುಂಜವನ್ನು ಬಾಗಿಲ ಮೇಲಿನ ಹಲಗೆಯಿಂದ ಒಂದು ದಿನವೂ ಇಳಿಸಿಲ್ಲ. ಜುಟ್ಟಿನ ಕೆಂಪು ಉದುರಿ ಬರೀ ತಗಡು ಉಳಿದಿದೆ.

ಕಾಸಿಮಿರಾ ಇಪ್ಪತ್ತೆರಡು ವರ್ಷ ಬಸ್ಸು ತಿರುಗುವ ಮೂಲೆಯಲ್ಲಿ ನಿಂತು ಬೆಳಗಿನ ತಿಂಡಿ ಮಾರಿದವಳು. ಕಪ್ಪು ಮೆಕ್ಕೆಜೋಳದ ಬಿಸಿ ಗಂಜಿ ಆಪಿ, ಜೊತೆಗೆ ಗಿಣ್ಣು ತುಂಬಿ ಕರಿದ ಪಸ್ತೇಲ್. ಹೋದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಸೌಟು ಹಿಡಿದವಳು ಹಾಗೇ ನೆಲಕ್ಕೆ ಕೂತುಬಿಟ್ಟಳು. ತುಟಿ ನೇರಳೆಯಾಗಿತ್ತು. ಎದೆಲ್ಮಿರಾ ಡಾಕ್ಟರ ಹತ್ತಿರ ಕರೆದೊಯ್ದಳು.

"ರಕ್ತ ತುಂಬಾ ಗಟ್ಟಿಯಾಗಿದೆ, ಅಮ್ಮ. ಈ ಎತ್ತರ ನಿಮಗೆ ಇನ್ನು ಆಗಲ್ಲ. ಕೆಳಗೆ ಇಳೀಬೇಕು," ಎಂದರು ಡಾಕ್ಟರು.

"ಎಷ್ಟು ಕೆಳಗೆ?"

"ಕೊಚಬಾಂಬಾ ಕಣಿವೆಗೆ ಹೋದರೆ ಒಳ್ಳೇದು."

"ಯಾವಾಗ ಹೋಗ್ಬೇಕು?"

"ಹೋದ ವರ್ಷವೇ ಹೋಗಬೇಕಿತ್ತು."

ಕಣಿವೆಯಲ್ಲಿ ಅಕ್ಕ ಬೆನೀತಾಳ ಮನೆಯಿತ್ತು, ಹಿತ್ತಲಲ್ಲಿ ಪೀಚ್ ಮರ, ಖಾಲಿ ಬಿದ್ದ ಒಂದು ಕೋಣೆ. ಲಿಯೋನ್ಸಿಯೊ ತಲೆಯಾಡಿಸಿ, "ಹೋಗೋಣ, ಸಂತೆ ಮುಗೀಲಿ," ಎಂದ. ಕಾಸಿಮಿರಾಗೆ ಈ 'ಮುಗೀಲಿ'ಯ ರುಚಿ ಚೆನ್ನಾಗಿ ಗೊತ್ತಿತ್ತು. ಸಂತೆ ಮುಗಿದರೆ ಕಾರ್ನಿವಲ್, ಅದು ಮುಗಿದರೆ ಈಸ್ಟರ್, ಅಷ್ಟರಲ್ಲಿ ಮುಂದಿನ ಸಂತೆಗೆ ತಗಡು ಕತ್ತರಿಸುವ ಕಾಲ ಬಂದಿರುತ್ತದೆ. ಅವನನ್ನು ಹಿಡಿದಿದ್ದದ್ದು ಆಲಸ್ಯವಲ್ಲ, ಅಂಗಡಿಯ ಜಾಗ. ಸಂತೆಯ ನಡು ಸಾಲಿನಲ್ಲಿ ಅವನ ಅಪ್ಪ ಗಳಿಸಿದ ಎರಡು ಗಜದ ಜಾಗ ಅದು. ಇಪ್ಪತ್ತನಾಲ್ಕರ ಹನ್ನೆರಡಕ್ಕೆ ಸಂತೆ ವ್ಯಾಪಾರಿಗಳ ಸಂಘದ ಕಾರ್ಯದರ್ಶಿ ಪಟ್ಟಿ ಓದುತ್ತಾನೆ. ಹೆಸರು ಕರೆದಾಗ ಜಾಗದಲ್ಲೇ ಕೂತು 'ಇದ್ದೀನಿ' ಎನ್ನಬೇಕು. ಎನ್ನದವನ ಹೆಸರು ಅಳಿಸಿ ಹೋಗುತ್ತದೆ, ಜಾಗ ಇನ್ನೊಬ್ಬರದಾಗುತ್ತದೆ. ಎಲ್ಲದಕ್ಕೂ ತಡವಾಗುವ ಲಿಯೋನ್ಸಿಯೊ ಇದೊಂದಕ್ಕೆ ಮಾತ್ರ ತಪ್ಪದೆ ಹಾಜರಾಗುತ್ತಿದ್ದ.

ಹೊಸ ವರ್ಷ ಕಳೆದ ಮೇಲೆ ಕಾಸಿಮಿರಾ ಬಸ್ಸಿನ ಟಿಕೆಟ್ ತಂದು ಮೇಜಿನ ಮೇಲೆ ಇಟ್ಟಳು.

"ಇಪ್ಪತ್ತನಾಲ್ಕನೇ ತಾರೀಕು, ಸಂಜೆ ಆರು ಗಂಟೆ ಬಸ್ಸು. ನೀನು ಬಂದ್ರೆ ಬಾ, ಬರ್ದಿದ್ರೆ ನಾನೊಬ್ಳೇ ಹೋಗ್ತೀನಿ."

"ಇಪ್ಪತ್ತನಾಲ್ಕಾ? ಅವತ್ತೇನಾ?"

"ಅವತ್ತೇ. ಒಂದು ದಿನ ಮುಂದೆ ಹಾಕಿದ್ರೆ ನಿನಗೆ ಒಂದು ವರ್ಷ ಮುಂದೆ ಹಾಕೋಕೆ ಧೈರ್ಯ ಬರುತ್ತೆ. ಇನ್ನೊಂದು ಮಾತು ಕೇಳು. ಇಷ್ಟು ವರ್ಷ ಈ ಊರಿನ ತಲೆ ಮೇಲೆ ಕೂತಿದ್ದೀವಿ, ಸಂತೆ ಬಿಟ್ಟು ಒಂದು ದಿನ ಇಳಿದು ನೋಡಿಲ್ಲ. ಹೋಗೋಕೆ ಮುಂಚೆ ಮೂರು ದಿನ ನನಗೆ ಕೊಡು. ಫಾರಿನ್‌ನವರ ಥರ ಸುಮ್ನೆ ಸುತ್ತೋಣ."

"ಸಂತೆ ಕುತ್ತಿಗೆಗೆ ಬಂದಿರೋವಾಗ್ಲಾ?"

"ಆಗ್ಲೇ."

ಜಗಳಕ್ಕೆ ಸಿದ್ಧವಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಲಿಯೋನ್ಸಿಯೊ ಕತ್ತರಿ ಕೆಳಗಿಟ್ಟು, "ಆಯ್ತು," ಎಂದುಬಿಟ್ಟ. ಅವಳಿಗೆ ನಿರಾಸೆಯೇ ಆಯಿತು.

ಮೊದಲ ದಿನ ಕೇಬಲ್ ಕಾರು ಹತ್ತಿದರು. ಮದುವೆಮನೆಗೆ ಉಡುವ ಹಸಿರು ಲಂಗ ಉಟ್ಟು, ಕರಿ ಹ್ಯಾಟನ್ನು ಓರೆಯಾಗಿಟ್ಟುಕೊಂಡು ಕಾಸಿಮಿರಾ ಕಿಟಕಿ ಹಿಡಿದು ಕೂತಳು. ತಂತಿಗೆ ತೂಗುವ ಡಬ್ಬಿ ಎಲ್ ಆಲ್ತೊದ ಅಂಚು ದಾಟಿ ಜರ್ರನೆ ಇಳಿಯತೊಡಗಿತು. ಊರು ಕಾಲ ಕೆಳಗೆ ಬಾಣಲೆಯಷ್ಟು ಅಗಲಕ್ಕೆ ತೆರೆದುಕೊಂಡಿತು, ಎದುರಿಗೆ ಇಲ್ಲಿಮಾನಿ ಬೆಟ್ಟ ಹಿಮ ಹೊದ್ದು ಕೂತಿತ್ತು. ಲಿಯೋನ್ಸಿಯೊನ ಕಣ್ಣು ಮಾತ್ರ ಮಾಡುಗಳ ಮೇಲೆ.

"ಅಲ್ನೋಡು, ಆ ತಗಡಿನ ಅಂಚು ಎಷ್ಟು ಕೆಟ್ಟದಾಗಿ ಮಡಚಿದ್ದಾರೆ. ಒಂದು ಮಳೆಗೆ ನೀರು ಒಳಗೆ ಬರುತ್ತೆ."

"ಊರು ತೋರ್ಸು ಅಂದ್ರೆ ತಗಡು ತೋರಿಸ್ತೀಯಲ್ಲ."

"ಇಲ್ಲಿಂದ ನೋಡಿದ್ರೆ ಇಷ್ಟೂ ಮನೆ ನಾನೇ ಮಾಡಿ ಮಾರಿದ ಹಾಗಿದೆ, ಕಾಸಿ. ಅಳತೆ ಕೂಡ ಅದೇ."

"ಹಾಗಿದ್ರೆ ಮೂರನೇ ಮಹಡಿ ಇಲ್ಲದ್ದು ಯಾವುದು ಹುಡುಕು. ಅದು ನಮ್ಮದು."

ಎದುರಿಗೆ ಕೂತಿದ್ದ ಅಪರಿಚಿತ ಹೆಂಗಸು ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕಳು. ಒಂದು ಬಣ್ಣದ ಡಬ್ಬಿಯಿಂದ ಇನ್ನೊಂದು ಬಣ್ಣದ ಡಬ್ಬಿಗೆ ಬದಲಾಯಿಸುತ್ತಾ ತೆಂಕಲ ಬಡಾವಣೆಯ ತನಕ ಇಳಿದರು. ಅಲ್ಲಿ ಗಾಳಿ ಬೆಚ್ಚಗಿತ್ತು. ಕಾಸಿಮಿರಾ ತನಗೇ ತಿಳಿಯದೆ ಬಿರಬಿರನೆ ನಡೆದಳು. ಗುಲಾಬಿ ಗಿಡಗಳಿದ್ದ ಬೇಲಿಗಳ ಬಳಿ ನಿಂತು ಶ್ರೀಮಂತರ ಪರದೆಗಳ ಬಗ್ಗೆ ಒಂದೇ ಉಸಿರಿಗೆ ಹತ್ತು ಮಾತಾಡಿದಳು. ಮಾತಿನ ನಡುವೆ ತಿರುಗಿ ನೋಡಿದರೆ ಗಂಡ ಅವಳನ್ನೇ ದಿಟ್ಟಿಸುತ್ತಿದ್ದ.

"ಏನು ನೋಡ್ತಿದ್ದೀಯ?"

"ಏನಿಲ್ಲ. ತುಟಿ."

"ಥೂ, ಈ ವಯಸ್ಸಲ್ಲಾ?"

"ಕೆಂಪಗಿದೆ," ಎಂದ ಅವನು. ಮೇಲೆ ಹೋಗುವಾಗ ಅವಳ ತುಟಿ ಮತ್ತೆ ನೇರಳೆಗೆ ತಿರುಗಿದ್ದನ್ನು ಅವನು ಡಬ್ಬಿಯ ಗಾಜಿನಲ್ಲಿ ಕಂಡ. ಅವನು ಕಂಡದ್ದನ್ನು ಅವಳೂ ಕಂಡಳು.

ಎರಡನೇ ದಿನ ಊರ ನಡುವೆ ಕಾಲ್ನಡಿಗೆ. ಏರುಬೀದಿಗಳಲ್ಲಿ ಕಾಸಿಮಿರಾಗೆ ಏದುಸಿರು ಬಂದಾಗಲೆಲ್ಲ ಅಂಗಡಿಯ ಗಾಜಿನೊಳಗೆ ಏನೋ ನೋಡುವವಳಂತೆ ನಿಲ್ಲುತ್ತಿದ್ದಳು. ಅದೇ ಹೊತ್ತಿಗೆ ಲಿಯೋನ್ಸಿಯೊನ ಬೂಟಿನ ದಾರವೂ ಸಡಿಲವಾಗುತ್ತಿತ್ತು. ಒಂದೇ ಬೀದಿಯಲ್ಲಿ ಅವನು ನಾಲ್ಕು ಸಲ ದಾರ ಕಟ್ಟಿದ.

ದೊಡ್ಡ ರಸ್ತೆ ದಾಟುವಲ್ಲಿ ಜೀಬ್ರಾ ವೇಷ ಹಾಕಿ ಜನರನ್ನು ದಾಟಿಸುವವರಲ್ಲಿ ಒಬ್ಬಳು ಲಿಯೋನ್ಸಿಯೊನ ಕೈ ಹಿಡಿದು ಕುಣಿಯುತ್ತಾ ಆಚೆಗೆ ಒಯ್ದಳು. ಬಸ್ಸಿನವರು ಹಾರನ್ ಹೊಡೆದು ಹುರಿದುಂಬಿಸಿದರು. ಅವನ ಕಿವಿ ಕೆಂಪಾಯಿತು, ಆದರೆ ಕಾಲು ಎರಡು ಹೆಜ್ಜೆ ಕುಣಿದದ್ದೂ ನಿಜ.

"ಜೀಬ್ರಾ ಕರೆದ್ರೆ ಕುಣೀತೀಯ, ಹೆಂಡ್ತಿ ಕರೆದ್ರೆ ಸಂತೆ ಮುಗೀಲಿ ಅಂತೀಯ," ಎಂದು ಕಾಸಿಮಿರಾ ಆಚೆ ದಡದಲ್ಲಿ ಕಾದು ಹೇಳಿದಳು.

ಸರಕಾರದ ಚೌಕದಲ್ಲಿ ಹೆಸರಾಂತ ಗಡಿಯಾರವೊಂದಿದೆ, ಮುಳ್ಳುಗಳು ಹಿಂದಕ್ಕೆ ತಿರುಗುವಂಥದ್ದು. ಕಾಸಿಮಿರಾ ಅದನ್ನು ಪಟದಲ್ಲಿ ಮಾತ್ರ ನೋಡಿದ್ದಳು. ಪಾರಿವಾಳಗಳ ನಡುವೆ ಬೆಂಚಿನ ಮೇಲೆ ಕೂತು, ಕತ್ತೆತ್ತಿ ನೋಡಿ, ಗಂಡನನ್ನು ಮೊಣಕೈಯಿಂದ ತಿವಿದಳು.

"ನೋಡು, ನಿನಗೋಸ್ಕರ ಸರಕಾರವೇ ಗಡಿಯಾರ ಮಾಡ್ಸಿದೆ. ಇದರ ಲೆಕ್ಕದಲ್ಲಿ ನೀನು ಯಾವತ್ತೂ ತಡವಾಗಿಲ್ಲ."

"ಇದರ ಲೆಕ್ಕದಲ್ಲಿ ನಾವು ಇನ್ನೂ ಚಿಕ್ಕವರಾಗ್ತಿದ್ದೀವಿ," ಎಂದ ಲಿಯೋನ್ಸಿಯೊ. ಅವನ ಕೈಯಲ್ಲಿ ಸಾಲ್ತೇನ್ಯ ಇತ್ತು, ಒಳಗೆ ಬಿಸಿ ರಸ ತುಂಬಿದ ಕಡುಬು. ಒಂದು ತೊಟ್ಟೂ ಚೆಲ್ಲದೆ ತಿನ್ನುವುದು ಈ ಊರಿನ ಪಣ. ಕಾಸಿಮಿರಾ ಮೂಲೆ ಕಚ್ಚಿ, ರಸ ಹೀರಿ, ಶುಚಿಯಾಗಿ ಮುಗಿಸಿದಳು. ಅವನು ಗಡಿಯಾರ ನೋಡುತ್ತಾ ಕಚ್ಚಿ ಅಂಗಿಯ ಮುಂಭಾಗಕ್ಕೆಲ್ಲ ಚೆಲ್ಲಿಕೊಂಡ. ಅವಳು ಬೈಯುತ್ತಾ ಶಾಲಿನ ಅಂಚಿನಿಂದ ಒರೆಸಿದಳು. ಒರೆಸುವಾಗ ಇದ್ದಕ್ಕಿದ್ದಂತೆ ಅನ್ನಿಸಿತು. ನಾಡಿದ್ದಿನಿಂದ ಈ ಅಂಗಿಯನ್ನು ಯಾರು ಒರೆಸುತ್ತಾರೆ?

ಕೇಳಿಬಿಡಬಹುದಿತ್ತು, 'ಬರ್ತೀಯಾ ಇಲ್ವಾ' ಎಂದು. ಅವಳು ಕೇಳಲಿಲ್ಲ. ಕೇಳಿದರೆ 'ಆಮೇಲೆ' ಎಂದುಬಿಟ್ಟರೆ?

ಮೂರನೇ ದಿನ ಸಂತೆಯ ಮೈದಾನಕ್ಕೆ ಹೋದರು. ಮರುದಿನದ ಸಂತೆಗೆ ಸಾಲು ಸಾಲು ಅಂಗಡಿಗಳು ಏಳುತ್ತಿದ್ದವು, ನೀಲಿ ಟಾರ್ಪಾಲುಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಮದುವೆಯಾದ ಮೇಲೆ ಗಂಡನ ಅಂಗಡಿಯ ಒಳಗಿನಿಂದಲ್ಲದೆ ಸಂತೆಯನ್ನು ಕಾಸಿಮಿರಾ ನೋಡಿಯೇ ಇರಲಿಲ್ಲ. ಗಿರಾಕಿಯಂತೆ ಓಡಾಡುವುದೇ ಒಂದು ಸುಖವಾಗಿತ್ತು. ಇವರ ಪಕ್ಕದ ಜಾಗದಲ್ಲಿ ಮಣ್ಣಿನ ಹುಂಡಿ ಮಾರುವ ದೋನ್ಯಾ ಪೆತ್ರೋನಾ, ಎದೆಲ್ಮಿರಾಳ ದೀಕ್ಷಾಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು, ಆ ನಂಟಿನಿಂದ ಕಾಸಿಮಿರಾಗೆ 'ಕೊಮಾದ್ರೆ', ದೂರದಿಂದಲೇ ಕೂಗಿದಳು.

"ಕೊಮಾದ್ರೆ! ಅಂತೂ ಮುದುಕನ್ನ ಬಿಸಿಲಿಗೆ ಹಾಕಿದ್ರಾ?"

"ಬೂಷ್ಟು ಹಿಡಿದಿತ್ತು ಕೊಮಾದ್ರೆ, ಒಣಗಿಸ್ತಿದ್ದೀನಿ!"

ಪಸ್ತೇಲ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತರು. ಕಾಸಿಮಿರಾ ಒಂದು ತಿಂದು, ಎಣ್ಣೆ ಸಾಲದು ಗಿಣ್ಣು ಕಂಜೂಸಿ ಎಂದು ತೀರ್ಪು ಕೊಟ್ಟು, ಖಚಿತ ಮಾಡಿಕೊಳ್ಳಲು ಎರಡನೆಯದನ್ನು ಕೈಗೆತ್ತಿಕೊಂಡು ತಿರುಗಿದರೆ ಗಂಡ ಇಲ್ಲ. ಅರ್ಧ ಗಂಟೆ ಕಾದಳು. ಪಸ್ತೇಲ್ ತಣ್ಣಗಾಯಿತು. ಕೊನೆಗೆ ಅವನು ಅಂಗಡಿಗಳ ಸಾಲಿನ ಕಡೆಯಿಂದ ಬಂದ, ಬೆರಳಿಗೆ ಕೆಂಪು ಬಣ್ಣ ಹತ್ತಿತ್ತು.

"ಎಲ್ಲಿಗೆ ಹೋಗಿದ್ದೆ?"

"ಇಲ್ಲೇ. ಕಾರ್ಯದರ್ಶಿ ಸಿಕ್ಕಿದ್ರು, ಒಂದೆರಡು ಮಾತು."

"ಮೂರು ದಿನ ಕೇಳಿದ್ದೆ. ಬರೀ ಮೂರು ದಿನ. ಅದರಲ್ಲೂ ಅರ್ಧ ಗಂಟೆ ಕದ್ದುಕೊಂಡು ಆ ತಗಡಿನ ಹತ್ರ ಓಡಿದ್ಯಾ?"

"ಕಾಸಿ, ಹಾಗಲ್ಲ..."

"ಬಿಡು. ನಾಳೆ ನಿನ್ನ ಜಾಗದಲ್ಲಿ ಕೂತ್ಕೋ. 'ಇದ್ದೀನಿ' ಅನ್ನು. ನಿನ್ನ ಬಾಯಲ್ಲಿ ಆ ಮಾತು ಕೇಳೋ ಯೋಗ ನನಗಿಲ್ಲ ಬಿಡು."

ಕೇಬಲ್ ಕಾರಿನಲ್ಲಿ ಇಬ್ಬರೂ ಬೇರೆ ಬೇರೆ ಕಿಟಕಿ ನೋಡಿಕೊಂಡು ಮೇಲೆ ಹೋದರು.

ಇಪ್ಪತ್ತನಾಲ್ಕರ ಬೆಳಿಗ್ಗೆ ಕಾಸಿಮಿರಾ ಪೆಟ್ಟಿಗೆ ಕಟ್ಟಿದಳು. ಲಂಗಗಳು, ಡಾಕ್ಟರ ಚೀಟಿ, ಅಕ್ಕನಿಗೆ ಒಣ ಆಲೂಗಡ್ಡೆ. ಕೊನೆಗೆ ಬಾಗಿಲ ಮೇಲಿನ ಹುಂಜವನ್ನು ಇಳಿಸಿ ಧೂಳು ಒರೆಸಿ, ಬಟ್ಟೆಗಳ ಮೇಲೆ ಇಟ್ಟು, ಸ್ವಲ್ಪ ಹೊತ್ತು ನೋಡಿ, ಮತ್ತೆ ತೆಗೆದು ಹಲಗೆಯ ಮೇಲೇ ಇಟ್ಟಳು. ಅವನು ಒಬ್ಬನೇ ಇರುವವನು, ಕಣ್ಣಿಗೆ ಬೀಳಲಿ. ಕಣ್ಣಿಗೆ ಬಿದ್ದು ಹೊಟ್ಟೆ ಉರಿಯಲಿ ಎಂದೂ ಅನ್ನಿಸಿತು.

ಹನ್ನೊಂದರ ಸುಮಾರಿಗೆ ಇಬ್ಬರೂ ಸಂತೆಗೆ ಹೊರಟರು, ಅವನು ಪಟ್ಟಿಯ ಹೊತ್ತಿಗೆ, ಅವಳು ಪೆತ್ರೋನಾಗೆ ಹೇಳಿ ಬರಲು. ಡಬ್ಬಿಯಲ್ಲಿ ಹತ್ತು ಜನ ತುಂಬಿದ್ದರು. ಎಲ್ಲರ ಕೈಯಲ್ಲೂ ಹರಕೆಯ ಪುಟ್ಟ ಸಾಮಾನು, ಎಲ್ಲರಿಗೂ ಹನ್ನೆರಡರೊಳಗೆ ಇಳಿಯುವ ಅವಸರ. ಅರ್ಧ ದಾರಿಯಲ್ಲಿ ಆಕಾಶ ಕಪ್ಪಾಗಿ ಆಲಿಕಲ್ಲು ಸುರಿಯಿತು. ಗುಡುಗು ಹತ್ತಿರದಲ್ಲೇ ಸಿಡಿದು, ಡಬ್ಬಿ ನಿಂತು ಗಾಳಿಗೆ ತೂಗಾಡತೊಡಗಿತು. ಸಿಡಿಲು ದೂರವಾದ ಮೇಲೆ ಹೊರಡುತ್ತದೆ, ಗಾಬರಿ ಬೇಡ ಎಂದು ಧ್ವನಿವರ್ಧಕ ಹೇಳಿತು. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು.

ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಕಾಸಿಮಿರಾ ರಾತ್ರಿಯಿಂದ ಹಿಡಿದಿದ್ದ ಮುನಿಸನ್ನೆಲ್ಲ ಮರೆತಳು.

"ಅಯ್ಯೋ ಮುದುಕಾ, ನಿನ್ನ ಜಾಗ! ಪಟ್ಟಿ ಓದ್ತಾರೆ. ಪೆತ್ರೋನಾಗೆ ಫೋನ್ ಮಾಡು, ನಿನ್ನ ಪರವಾಗಿ ಅವಳು ಕೂಗ್ಲಿ."

"ಕೂಗೋ ಹಾಗಿಲ್ಲ."

"ಹಾಗಾದ್ರೆ ಕಾರ್ಯದರ್ಶಿಗೆ ಮಾಡು! ಆಲಿಕಲ್ಲು ಬಿತ್ತು ಅನ್ನು. ನಿಮ್ಮಪ್ಪನ ಜಾಗ ಕಣೋ! ಕಲ್ಲಿನ ಥರ ಕೂತಿದ್ದೀಯಲ್ಲ!"

"ಕೂಗೋ ಹಾಗಿಲ್ಲ, ಯಾಕಂದ್ರೆ ಪಟ್ಟೀಲಿ ನನ್ನ ಹೆಸರಿಲ್ಲ." ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ನಿನ್ನೆ ಪೆತ್ರೋನಾ ಹೆಸರಿಗೆ ಬರೆದುಕೊಟ್ಟೆ. ಸಾಮಾನೆಲ್ಲ ಅವಳೇ ಮಾರ್ತಾಳೆ. ನೀನು ಎರಡನೇ ಪಸ್ತೇಲ್ ಎತ್ತಿಕೊಂಡಾಗ ಹೋಗಿ ಬರೆದುಕೊಟ್ಟದ್ದು."

ಅವನು ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಕಾಸಿಮಿರಾಳ ಮಡಿಲಿಗಿಟ್ಟ.

"ಇನ್ನೂ ಆರು ನಿಮಿಷ ಇದೆ. ತಗೋ, ನಾನೇ ಕೊಟ್ಟೆ. ಓಡೋಕೆ ಮಾತ್ರ ಜಾಗ ಇಲ್ಲ."

ಒಳಗೆ ತಗಡಿನ ಸೂಟ್‌ಕೇಸಿತ್ತು, ಅಂಗೈಯಗಲದ್ದು, ಮೂಲೆಗಳಿಗೆ ಹಿತ್ತಾಳೆ ಪಟ್ಟಿ. ಅವಳು ಚಿಲಕ ತೆಗೆದಳು. ಬಟ್ಟೆಯಿರಲಿಲ್ಲ. ಭತ್ತದ ಕಾಳಿನಷ್ಟು ಸುತ್ತಿಗೆ, ಬಾಯಿ ತೆರೆದು ಮುಚ್ಚುವ ತಗಡು ಕತ್ತರಿ, ಬೆಸುಗೆ ಕಡ್ಡಿ, ಅಳತೆಪಟ್ಟಿ, ಅವನ ಕೆಲಸದ ಮೇಜಿನ ಮೇಲಿರುವುದೆಲ್ಲವೂ ಇತ್ತು, ಒಂದೂ ಬಿಟ್ಟಿರಲಿಲ್ಲ. ಅವುಗಳ ನಡುವೆ ಮಲಗಿತ್ತು ಆ ಹಳೆಯ ಹುಂಜ, ಜುಟ್ಟಿಗೆ ಹೊಸ ಕೆಂಪು ಬಳಿದುಕೊಂಡು.

"ಇದನ್ನ ಹಲಗೆ ಮೇಲೆ ಇಟ್ಟು ಬಂದಿದ್ದೆ!"

"ನೀನು ಹ್ಯಾಟ್ ಸರಿ ಮಾಡ್ಕೊಳ್ಳೋವಾಗ ಎತ್ಕೊಂಡು ಜುಟ್ಟಿಗೆ ಬಳಿದೆ. ಬಣ್ಣ ನಿನ್ನೆಯೇ ತಂದಿಟ್ಟಿದ್ದೆ. ಇನ್ನೂ ಹಸಿ ಇದೆ, ಮುಟ್ಟಬೇಡ."

ಅವಳು ಆಗಲೇ ಮುಟ್ಟಿಯಾಗಿತ್ತು. ಬೆರಳ ತುದಿಗೆ ಕೆಂಪು ಹತ್ತಿತು.

"ಯತೀರಿ ಇಲ್ವಲ್ಲ," ಎಂದು ಪುಟ್ಟ ನೋಟುಗಳ ಕಂತೆ ಹಿಡಿದ ದಪ್ಪ ಗಂಡಸು ಪೇಚಾಡಿದ. ಮೂಲೆಯಲ್ಲಿ ಕೂತಿದ್ದ ಮುದುಕಿ ತನ್ನ ಗಂಟು ಬಿಚ್ಚಿ ಹಳದಿ ಹೂವಿನ ಎಸಳು ತೆಗೆದಳು. "ಗಂಟೆ ಬಾರಿಸೋದು ಯಾರನ್ನೂ ಕೇಳಿ ಅಲ್ಲ ಕಣಪ್ಪ. ಒಬ್ಬರಿಗೊಬ್ಬರು ಹರಸಿದ್ರಾಯ್ತು." ಅಷ್ಟರಲ್ಲಿ ಕೆಳಗಿನ ಇಗರ್ಜಿಗಳಲ್ಲೆಲ್ಲ ಒಟ್ಟಿಗೆ ಗಂಟೆ ಮೊಳಗಿತು, ಪಟಾಕಿ ಸಿಡಿಯಿತು. ಗಾಳಿಯಲ್ಲಿ ತೂಗುತ್ತಾ ಹತ್ತು ಜನ ಒಬ್ಬರ ಕೈಯ ಮೇಲೆ ಇನ್ನೊಬ್ಬರು ಎಸಳು ಉದುರಿಸಿದರು. ಕಾಸಿಮಿರಾಳ ಪೆಟ್ಟಿಗೆಯ ಮೇಲೆ ಎಲ್ಲರಿಗಿಂತ ಹೆಚ್ಚು ಬಿತ್ತು, ಏಕೆಂದರೆ ಅವಳು ಅಳುತ್ತಿದ್ದಳು.

ಮೂಗು ಒರೆಸಿಕೊಂಡು ಅವಳು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡತೊಡಗಿದಳು. ತಳ ತಟ್ಟಿದಳು, ಹಿಡಿಕೆ ಎಳೆದಳು, ಮೂಲೆ ಎಣಿಸಿದಳು.

"ಏನು ಹುಡುಕ್ತಿದ್ದೀಯ?"

"ಎಲ್ಲಿ ಅರ್ಧ ಬಿಟ್ಟಿದ್ದೀಯ ಅಂತ."

"ಹುಡುಕು."

ಅವಳು ಮುಚ್ಚಳ ಒತ್ತಿದಳು. ಚಿಲಕ ಸರಿಯಾಗಿ ಬಿದ್ದಿತು. ಡಬ್ಬಿ ಒಮ್ಮೆ ಜಗ್ಗಿ ಮತ್ತೆ ಕೆಳಗೆ ಹೊರಟಿತು.

"ಅದು ಸರಿ, ನಿಜವಾದ ಪೆಟ್ಟಿಗೆ ಕಟ್ಟಿದ್ಯಾ? ಟಿಕೆಟ್ ತಗೊಂಡ್ಯಾ?"

"ಟಿಕೆಟ್ ಇದೆ. ನಿನ್ನ ಪಕ್ಕದ ಸೀಟು," ಎಂದ ಲಿಯೋನ್ಸಿಯೊ. ಆಮೇಲೆ ಟೋಪಿಯನ್ನು ತಿರುಗಿಸುತ್ತಾ, "ಪೆಟ್ಟಿಗೆ ಇನ್ನೂ ಕಟ್ಟಿಲ್ಲ. ಹನ್ನೆರಡಾದ್ಮೇಲೆ ಕಟ್ಟೋಣ ಅಂತ," ಎಂದ.

ಕಾಸಿಮಿರಾ ಬೈಯಲು ಬಾಯಿ ತೆರೆದಳು. ಮೂವತ್ತನಾಲ್ಕು ವರ್ಷದ ಅಷ್ಟೂ ಬೈಗುಳ ನಾಲಗೆಯ ತುದಿಯಲ್ಲೇ ಇತ್ತು, ಆದರೆ ಬಂದದ್ದು ನಗು.